‘ಹಂಜಾವಾ ನಾವೋಕಿ’: ಜಪಾನಿನ ಬ್ಯಾಂಕ್ ಸೀರಿಯಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನ ಹಳೆಯ ಸಹೋದ್ಯೋಗಿಗಳು, ಅವರ ಮಕ್ಕಳು, ಜಪಾನಿ ಸೀರಿಯಲ್ ಹೊಸದಾಗಿ ನೋಡಲು ಹೊರಟವರು, ಹೀಗೆ ಹಲವರು ಈ ಸೀರಿಯಲ್ ಬಗ್ಗೆ ನನ್ನನ್ನು ಕೇಳುತ್ತಲೇ ಇರುತ್ತಾರೆ. ಅವರ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಈ ಬರಹದ ಮೊದಲರ್ಧದಲ್ಲಿ ಕಥೆಯ ಗುಟ್ಟು ಬಿಟ್ಟುಕೊಟ್ಟಿಲ್ಲ. ಉಳಿದರ್ಧ ಸೀರಿಯಲ್ ನೋಡಿ ಮುಗಿಸಿದವರಿಗಾಗಿ.

ನೋಡುವ ಮೊದಲು

ಇದು ಯಾವ ಕಾಲದ ಸೀರಿಯಲ್? ಎಷ್ಟು ಕಂತು ಇವೆ?

ಜಪಾನಿನ ಟಿಬಿಎಸ್ ವಾಹಿನಿಯಲ್ಲಿ ಪ್ರತಿ ಭಾನುವಾರ ರಾತ್ರಿ 9ಕ್ಕೆ ಬಂದದ್ದು. ಮೊದಲ ಭಾಗ 2013ರ ಜುಲೈ 7ರಿಂದ ಸೆಪ್ಟೆಂಬರ್ 22ರವರೆಗೆ, 10 ಕಂತು. ಎರಡನೆಯ ಭಾಗ ಏಳು ವರ್ಷ ತಡೆದು 2020ರ ಜುಲೈ 19ರಿಂದ ಸೆಪ್ಟೆಂಬರ್ 27ರವರೆಗೆ, ಅದೂ 10 ಕಂತು. ನಮ್ಮ ಸೀರಿಯಲ್‌ಗಳ ಹಾಗೆ ವರ್ಷಗಟ್ಟಲೆ ಎಳೆಯುವುದಿಲ್ಲ. ಎರಡೂ ಸೇರಿ 20 ಕಂತು, ಮುಗಿಯಿತು.

ಎರಡನೆಯ ಭಾಗ 2020ರ ಏಪ್ರಿಲ್‌ನಲ್ಲೇ ಶುರುವಾಗಬೇಕಿತ್ತು, ಕೋವಿಡ್‌ನಿಂದ ಮೂರು ತಿಂಗಳು ಮುಂದೆ ಹೋಯಿತು. ಮಧ್ಯದಲ್ಲಿ ಒಂದು ವಾರ ಚಿತ್ರೀಕರಣ ಮುಗಿಯದೆ, ಸೆಪ್ಟೆಂಬರ್ 6ರಂದು ಕಂತಿನ ಬದಲು ನಟರೆಲ್ಲ ಸ್ಟುಡಿಯೋದಲ್ಲಿ ಕೂತು ಮಾತಾಡುವ ನೇರ ಪ್ರಸಾರ ಮಾಡಿದರು.

ಕಥೆ ಏನು?

ಟೋಕಿಯೊ ಚುವೊ ಬ್ಯಾಂಕ್ ಎಂಬ ದೊಡ್ಡ ಬ್ಯಾಂಕು. ಅದು ಕಲ್ಪಿತ ಬ್ಯಾಂಕು. ಅದರ ಒಸಾಕಾ ಪಶ್ಚಿಮ ಶಾಖೆಯಲ್ಲಿ ಸಾಲ ವಿಭಾಗದ ಮುಖ್ಯಸ್ಥ ಹಂಜಾವಾ ನಾವೋಕಿ. ಶಾಖೆಯ ಮ್ಯಾನೇಜರ್ ಅಸಾನೊ, ನಿಶಿ ಒಸಾಕಾ ಸ್ಟೀಲ್ ಎಂಬ ಕಂಪನಿಗೆ 50 ಕೋಟಿ ಯೆನ್ ಸಾಲವನ್ನು ಜಾಮೀನೇ ಇಲ್ಲದೆ, ಅವಸರ ಅವಸರವಾಗಿ ಕೊಡಿಸುತ್ತಾನೆ. ಪರಿಶೀಲನೆಗೆ ಸಮಯ ಬೇಕು ಎಂದ ಹಂಜಾವಾನ ಮಾತು ನಡೆಯುವುದಿಲ್ಲ. ಆ ವರ್ಷ ಶಾಖೆಗೆ ಬಹುಮಾನವೂ ಬರುತ್ತದೆ. ಆಮೇಲೆ ಕಂಪನಿ ದಿವಾಳಿ, ಲೆಕ್ಕಪತ್ರವೆಲ್ಲ ಸುಳ್ಳು, ಮಾಲೀಕ ನಾಪತ್ತೆ. ‘ಜವಾಬ್ದಾರಿ ನನ್ನದು’ ಎಂದಿದ್ದ ಮ್ಯಾನೇಜರ್ ಮುಖ್ಯ ಕಚೇರಿಯ ಮುಂದೆ ಹೇಳುವುದು ಒಂದೇ ಮಾತು: ತಪ್ಪು ಹಂಜಾವಾನದು.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಹಂಜಾವಾ ಆ ಬರೆ ಹಾಕಿಸಿಕೊಳ್ಳಲು ಒಪ್ಪುವುದಿಲ್ಲ. 50 ಕೋಟಿಯನ್ನೂ ವಸೂಲಿ ಮಾಡುತ್ತೇನೆ, ನನ್ನ ಮೇಲೆ ಹೊರೆ ಹಾಕಿದವರನ್ನೂ ಬಿಡುವುದಿಲ್ಲ ಎಂದು ಹೊರಡುತ್ತಾನೆ. ಮೊದಲ ಐದು ಕಂತು ಇದೇ ಕಥೆ. ಉಳಿದ ಐದು ಕಂತು ಟೋಕಿಯೊದ ಮುಖ್ಯ ಕಚೇರಿಯಲ್ಲಿ, ಇಸೆಶಿಮಾ ಎಂಬ ಹೋಟೆಲ್ ಸಂಸ್ಥೆಯ ಸಾಲದ ಸುತ್ತ ನಡೆಯುತ್ತವೆ.

ಬ್ಯಾಂಕಿಂಗ್ ಗೊತ್ತಿಲ್ಲದಿದ್ದರೆ ಅರ್ಥವಾಗುತ್ತದೆಯೇ?

ಆಗುತ್ತದೆ. ಜಪಾನಿನಲ್ಲಿ ಕೋಟಿಗಟ್ಟಲೆ ಜನ ನೋಡಿದ್ದು ಬ್ಯಾಲೆನ್ಸ್ ಶೀಟ್ ಓದಲು ಬರುತ್ತದೆ ಎಂದಲ್ಲ. ಆದರೆ ಒಂದು ವಿಷಯ ಗೊತ್ತಿದ್ದರೆ ರುಚಿ ಹೆಚ್ಚುತ್ತದೆ. ಜಪಾನಿನ ಬ್ಯಾಂಕುಗಳು ಸಾಲಗಾರ ಕಂಪನಿಗಳನ್ನು ಐದು ದರ್ಜೆಗೆ ಹಾಕುತ್ತಿದ್ದವು: ಸರಿಯಾಗಿರುವವರು, ಕಣ್ಣಿಡಬೇಕಾದವರು, ಮುಳುಗುವ ಭಯವಿರುವವರು, ಬಹುಪಾಲು ಮುಳುಗಿದವರು, ಮುಳುಗಿಯೇ ಹೋದವರು. ಒಂದು ಕಂಪನಿ ಮೇಲಿನ ದರ್ಜೆಯಿಂದ ಕೆಳಗೆ ಜಾರಿದರೆ, ಬ್ಯಾಂಕು ಆ ಸಾಲಕ್ಕೆ ಎದುರಾಗಿ ತನ್ನ ಲಾಭದಿಂದ ಭಾರೀ ಮೊತ್ತ ತೆಗೆದಿಡಬೇಕು. ನಮ್ಮಲ್ಲಿ ಸ್ಟ್ಯಾಂಡರ್ಡ್, ಸಬ್‌ಸ್ಟ್ಯಾಂಡರ್ಡ್, ಡೌಟ್‌ಫುಲ್, ಲಾಸ್ ಎಂದು ವಿಂಗಡಿಸಿ ಪ್ರಾವಿಷನ್ ಇಡುತ್ತೇವಲ್ಲ, ಅದೇ ತರ್ಕ. ಇಸೆಶಿಮಾ ಹೋಟೆಲ್ ಕಥೆಯಲ್ಲಿ ಅಷ್ಟೊಂದು ಬೆವರು ಸುರಿಯುವುದು ಈ ಒಂದು ದರ್ಜೆಗಾಗಿ. ಹೋಟೆಲು ಹೂಡಿಕೆಯಲ್ಲಿ 1,200 ಕೋಟಿ ಯೆನ್ ಕಳೆದುಕೊಂಡಿದೆ, ಬ್ಯಾಂಕು ಅದಕ್ಕೆ ಆಗಷ್ಟೇ 2,000 ಕೋಟಿ ಯೆನ್ ಸಾಲ ಕೊಟ್ಟಿದೆ. ತಪಾಸಣೆ ಮಾಡುವವರು ‘ಇದು ಮುಳುಗುವ ಸಾಲ’ ಎಂದು ಒಂದು ಗೆರೆ ಎಳೆದರೆ ಬ್ಯಾಂಕಿನ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ.

ಸಬ್‌ಟೈಟಲ್‌ನಲ್ಲಿ ಓಡುವ ಮೊತ್ತಗಳನ್ನು ಕಂಡು ಗಾಬರಿ ಬೇಡ. 2013ರಲ್ಲಿ ಒಂದು ಯೆನ್ ಅಂದರೆ ಅರವತ್ತು ಪೈಸೆಗಿಂತ ತುಸು ಹೆಚ್ಚು. ಒಸಾಕಾದ 50 ಕೋಟಿ ಯೆನ್ ನಮ್ಮ ಲೆಕ್ಕದಲ್ಲಿ ಮೂವತ್ತು ಕೋಟಿ ರೂಪಾಯಿ ದಾಟುತ್ತದೆ.

‘ಬೈಗಾಏಶಿ’ ಎಂದರೇನು?

‘ಬೈ’ ಅಂದರೆ ಎರಡು ಪಟ್ಟು, ‘ಗಾಏಶಿ’ ಅಂದರೆ ಮರಳಿಸುವುದು. ‘ನನಗೆ ಮಾಡಿದ್ದನ್ನು ತಿರುಗಿ ಮಾಡುತ್ತೇನೆ, ಎರಡು ಪಟ್ಟು’ ಎಂಬುದು ಹಂಜಾವಾನ ಮಾತು. ‘ಸೇರಿಗೆ ಸವ್ವಾಸೇರು’ ಅನ್ನಬಹುದು, ಆದರೆ ಬ್ಯಾಂಕಿನವನ ಬಾಯಿಗೆ ‘ಬಡ್ಡಿ ಸಮೇತ ತೀರಿಸುತ್ತೇನೆ’ ಎಂಬುದೇ ಹತ್ತಿರ. ಜಪಾನಿನಲ್ಲಿ ಈ ಪದ ಮೊದಲೇ ಇತ್ತು. ಮನೆ ಮಾರುತ್ತೇನೆಂದು ಮುಂಗಡ ತೆಗೆದುಕೊಂಡವನು ಮಾತು ತಪ್ಪಿದರೆ ಮುಂಗಡದ ಎರಡು ಪಟ್ಟು ಹಿಂದಿರುಗಿಸಬೇಕು, ಅದಕ್ಕೂ ಇದೇ ಹೆಸರು. ಅಂದರೆ ವ್ಯವಹಾರದಲ್ಲಿ ನಂಬಿಕೆ ಮುರಿದವನು ತೆರುವ ದಂಡ ಎಂಬ ನೆರಳು ಪದದೊಳಗೇ ಇದೆ. ಹಂಜಾವಾ ಕೂಗುವಾಗ ಅದು ನೆನಪಿರಲಿ.

2013ರ ವರ್ಷದ ಪದ ಪ್ರಶಸ್ತಿಯನ್ನು ಆ ಸಲ ನಾಲ್ಕು ಪದಗಳಿಗೆ ಹಂಚಿದರು. ‘ಬೈಗಾಏಶಿ’ ಅದರಲ್ಲಿ ಒಂದು.

ನಿಜವಾಗಿಯೂ ಅಷ್ಟು ಜನ ನೋಡಿದರೇ?

ಮೊದಲ ಕಂತಿಗೆ ಟೋಕಿಯೊ ಸುತ್ತಲಿನ ಕಾಂತೊ ಪ್ರದೇಶದಲ್ಲಿ 19.4 ಶೇಕಡಾ ಟಿಆರ್‌ಪಿ. ಕೊನೆಯ ಕಂತಿಗೆ 42.2. ಒಸಾಕಾ ಇರುವ ಕಾನ್ಸಾಯಿ ಪ್ರದೇಶದಲ್ಲಿ 45.5. ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮನೆಗಳಲ್ಲಿ ಆ ಭಾನುವಾರ ರಾತ್ರಿ ಇದೇ ಓಡುತ್ತಿತ್ತು. ಹೀಗೆ ಮೊದಲ ವಾರಕ್ಕಿಂತ ಕೊನೆಯ ವಾರಕ್ಕೆ ಎರಡು ಪಟ್ಟು ಮೀರಿ ಜನ ಸೇರುವುದು ಎಲ್ಲ ದೇಶದಲ್ಲೂ ಅಪರೂಪ. ಜಾಹೀರಾತು ತಂದದ್ದಲ್ಲ, ಬಾಯಿಂದ ಬಾಯಿಗೆ ಹೋದ ಮಾತು ತಂದದ್ದು. ಭಾನುವಾರ ರಾತ್ರಿ 9 ಗಂಟೆ ಅಂದರೆ ಸೋಮವಾರ ಬೆಳಿಗ್ಗೆ ಮತ್ತೆ ಅದೇ ಮೇಲಧಿಕಾರಿಯ ಮುಂದೆ ನಿಲ್ಲಬೇಕಾದವರು ಟಿವಿ ಮುಂದೆ ಕೂರುವ ಹೊತ್ತು ಎಂಬುದನ್ನೂ ಮರೆಯಬಾರದು. ಎರಡನೆಯ ಭಾಗದ ಕೊನೆಯ ಕಂತಿಗೆ 32.7 ಬಂತು.

ಬರೆದವರು ಬ್ಯಾಂಕಿನವರೇ?

ಹೌದು. ಮೂಲ ಕಾದಂಬರಿಗಳ ಲೇಖಕ ಇಕೇಇದೊ ಜುನ್ 1963ರಲ್ಲಿ ಗಿಫು ಪ್ರಾಂತ್ಯದಲ್ಲಿ ಹುಟ್ಟಿದವರು, ಕೇಓ ವಿಶ್ವವಿದ್ಯಾಲಯದಲ್ಲಿ ಓದಿದವರು, 1988ರಿಂದ 1995ರವರೆಗೆ ಆಗಿನ ಮಿತ್ಸುಬಿಷಿ ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಮೊದಲ ಕಾದಂಬರಿ 2004ರಲ್ಲಿ, ಎರಡನೆಯದು 2008ರಲ್ಲಿ ಬಂತು. ಇವೆರಡೂ ಸೇರಿ ಸೀರಿಯಲ್‌ನ ಮೊದಲ ಭಾಗ ಆಯಿತು.

ಮೊದಲ ಕಾದಂಬರಿಯ ಹೆಸರಿನ ಅರ್ಥ ‘ನಾವು ಗುಳ್ಳೆಯ ಕಾಲದಲ್ಲಿ ಬ್ಯಾಂಕು ಸೇರಿದವರು’. ಈ ಗುಳ್ಳೆ ಗೊತ್ತಿರದೆ ಹಂಜಾವಾನ ಪೀಳಿಗೆ ಅರ್ಥವಾಗುವುದಿಲ್ಲ. 1980ರ ದಶಕದ ಕೊನೆಗೆ ಜಪಾನಿನಲ್ಲಿ ಭೂಮಿಯ ಬೆಲೆ, ಷೇರಿನ ಬೆಲೆ ಮುಗಿಲು ಮುಟ್ಟಿದ್ದವು. 1989ರ ಕೊನೆಯ ದಿನದ ವಹಿವಾಟಿನಲ್ಲಿ ನಿಕ್ಕೇ ಸೂಚ್ಯಂಕ 38,915ಕ್ಕೆ ನಿಂತಿತು. ಆ ಮಟ್ಟವನ್ನು ಅದು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಗುಳ್ಳೆ ಒಡೆಯುವ ಮುಂಚೆ ಬ್ಯಾಂಕು ಸೇರಿದ ಹುಡುಗರಿಗೆ ಬಾಳು ಪೂರ್ತಿ ನೆಲೆ ಸಿಕ್ಕಿತು ಅನ್ನಿಸಿತ್ತು. ಹತ್ತು ವರ್ಷ ಆಗುವಷ್ಟರಲ್ಲಿ, 1997ರಲ್ಲಿ ಹೊಕ್ಕೈದೊ ತಕುಶೊಕು ಬ್ಯಾಂಕೂ ಯಮಾಇಚಿ ಸೆಕ್ಯುರಿಟೀಸೂ ಒಂದೇ ತಿಂಗಳಲ್ಲಿ ಕುಸಿದವು. ಮುಂದಿನ ವರ್ಷ ದೀರ್ಘಾವಧಿ ಸಾಲದ ಎರಡು ದೊಡ್ಡ ಬ್ಯಾಂಕುಗಳು ಸರ್ಕಾರದ ಕೈ ಸೇರಿದವು. ಕೈತುಂಬ ಕನಸಿಟ್ಟುಕೊಂಡು ಒಳಗೆ ಬಂದು, ಇಡೀ ನೌಕರಿಯನ್ನು ಮುಳುಗಿದ ಸಾಲ ತೊಳೆಯುವುದರಲ್ಲೇ ಕಳೆದವರು ಇವರು.

‘ಶುಕ್ಕೋ’ ಎಂಬ ಮಾತು ಬಂದಾಗಲೆಲ್ಲ ಎಲ್ಲರ ಮುಖ ಬಿಳಿಚಿಕೊಳ್ಳುವುದೇಕೆ?

ಶುಕ್ಕೋ ಅಂದರೆ ಬ್ಯಾಂಕಿನ ನೌಕರನನ್ನು ಬೇರೆ ಕಂಪನಿಗೆ ಕಳಿಸುವುದು, ಒಂದು ರೀತಿಯ ಡೆಪ್ಯುಟೇಶನ್. ಆದರೆ ನಮ್ಮ ಡೆಪ್ಯುಟೇಶನ್ ಕೆಲವೊಮ್ಮೆ ಗೌರವದ ಸ್ಥಾನವೂ ಆಗಿರುತ್ತದೆ. ಇಲ್ಲಿ ಬಹುಪಾಲು ‘ಒಂದು ಕಡೆಯ ಟಿಕೆಟ್’, ಮರಳಿ ಬರುವ ಟಿಕೆಟ್ ಇಲ್ಲ. ಬ್ಯಾಂಕಿನ ಸಾಲ ಪಡೆದ ಯಾವುದೋ ಸಣ್ಣ ಕಂಪನಿಗೆ ಲೆಕ್ಕ ನೋಡಿಕೊಳ್ಳಲು ಹೋಗಬೇಕು. ಅಲ್ಲಿಯವರಿಗೆ ಇವನು ಬ್ಯಾಂಕಿನ ಗೂಢಚಾರ, ಬ್ಯಾಂಕಿನವರಿಗೆ ಹೊರಗಿನವನು.

ಇಡೀ ಬ್ಯಾಂಕನ್ನು ಹಿಡಿದು ಆಡಿಸುವುದು ಈ ಭಯವೇ. ಯಾರನ್ನೂ ಕೆಲಸದಿಂದ ತೆಗೆಯಬೇಕಿಲ್ಲ, ಬೈಯಬೇಕಿಲ್ಲ. ಸಿಬ್ಬಂದಿ ವಿಭಾಗದ ಒಂದು ಹಾಳೆ ಸಾಕು. ವರ್ಗಾವಣೆಯ ಆದೇಶ ಬರುವ ತಿಂಗಳಲ್ಲಿ ಶಾಖೆಯಲ್ಲಿ ಮಾತು ಹೇಗೆ ತಗ್ಗುತ್ತದೆ ಎಂಬುದನ್ನು ಕಂಡ ಯಾವ ಬ್ಯಾಂಕ್ ನೌಕರನಿಗೂ ಇದನ್ನು ವಿವರಿಸಬೇಕಿಲ್ಲ.

‘ಹಳೆಯ ಎಸ್’, ‘ಹಳೆಯ ಟಿ’ ಅಂತಾರಲ್ಲ, ಅದೇನು?

ಟೋಕಿಯೊ ಚುವೊ ಬ್ಯಾಂಕು ಎರಡು ಬ್ಯಾಂಕುಗಳ ವಿಲೀನದಿಂದ ಹುಟ್ಟಿದ್ದು: ಸಾಂಗ್ಯೊ ಚುವೊ ಮತ್ತು ಟೋಕಿಯೊ ದಾಇಇಚಿ. ಹೊರಗೆ ಬೋರ್ಡು ಒಂದೇ, ಒಳಗೆ ಎರಡು ಬಣ. ಬಡ್ತಿ, ಸಾಲ ಮಂಜೂರಾತಿ, ಹಳೆಯ ತಪ್ಪು ಮುಚ್ಚುವುದು, ಎಲ್ಲದಕ್ಕೂ ‘ಅವನು ಯಾವ ಕಡೆಯಿಂದ ಬಂದವನು’ ಎಂಬುದೇ ಅಳತೆ.

ಇದು ಲೇಖಕರ ಕಲ್ಪನೆ ಮಾತ್ರವಲ್ಲ. ಜಪಾನಿನ ಇಂದಿನ ಮೂರು ದೈತ್ಯ ಬ್ಯಾಂಕುಗಳೂ ಇಂಥ ವಿಲೀನಗಳ ಮಕ್ಕಳೇ. ದಾಇಇಚಿ ಕಾಂಗ್ಯೊ, ಫುಜಿ, ಇಂಡಸ್ಟ್ರಿಯಲ್ ಬ್ಯಾಂಕ್ ಈ ಮೂರೂ ಸೇರಿ ಆದ ಮಿಜುಹೊ, 2002ರ ಏಪ್ರಿಲ್ 1ರಂದು ಹೊಸ ಹೆಸರಲ್ಲಿ ಬಾಗಿಲು ತೆರೆದ ದಿನವೇ ಎಟಿಎಂಗಳು ಕೈಕೊಟ್ಟವು. ಮೂರು ಬ್ಯಾಂಕುಗಳ ಕಂಪ್ಯೂಟರ್ ವ್ಯವಸ್ಥೆಗಳನ್ನು ಜೋಡಿಸುವುದೇ ಅಷ್ಟು ಕಷ್ಟವಾಗಿತ್ತು. ಮನುಷ್ಯರನ್ನು ಜೋಡಿಸುವುದು ಅದಕ್ಕಿಂತ ಕಷ್ಟ.

ಕರಾವಳಿಯ ಬ್ಯಾಂಕ್ ಕುಟುಂಬಗಳಿಗೆ ಈ ಭಾಗ ನೇರ ಎದೆಗೆ ತಾಗುತ್ತದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್, ಮುಂದಿನ ವರ್ಷ ಅದೇ ದಿನ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಹೆಸರುಗಳು ಅಳಿಸಿಹೋದವು. ಉಡುಪಿ, ಮಂಗಳೂರಿನಲ್ಲಿ ಇವತ್ತಿಗೂ ನಿವೃತ್ತರು ತಮ್ಮನ್ನು ಪರಿಚಯಿಸಿಕೊಳ್ಳುವುದು ಹಳೆಯ ಬ್ಯಾಂಕಿನ ಹೆಸರಿನಿಂದ. ‘ಹಳೆಯ ಟಿ’ ಎಂಬ ಎರಡು ಪದದ ಹಿಂದಿನ ನೋವೂ ಹೆಮ್ಮೆಯೂ ಅವರಿಗೆ ಸಬ್‌ಟೈಟಲ್ ಇಲ್ಲದೆಯೂ ತಿಳಿಯುತ್ತದೆ.

ನಟನೆ ಅತಿಯಾಯಿತು ಅನ್ನಿಸುತ್ತದೆ. ಜಪಾನಿಯರು ಹೀಗೆ ಕೂಗಾಡುತ್ತಾರೆಯೇ?

ಕೂಗಾಡುವುದಿಲ್ಲ. ಇದು ಬೇಕೆಂದೇ ಮಾಡಿದ್ದು. ಮುಖ್ಯ ನಿರ್ದೇಶಕ ಫುಕುಜಾವಾ ಕತ್ಸುಒ ಕ್ಯಾಮೆರಾವನ್ನು ಮುಖದ ಹತ್ತಿರಕ್ಕೆ ತಂದು ನಿಲ್ಲಿಸುತ್ತಾರೆ, ಹುಬ್ಬು, ತುಟಿ, ಕೆನ್ನೆಯ ನಡುಕವೇ ಅಲ್ಲಿ ಮಾತು. ಪ್ರತಿನಾಯಕ, ಬ್ಯಾಂಕಿನ ಹಿರಿಯ ನಿರ್ದೇಶಕ ಓವಾದಾ ಆಗಿರುವ ಕಗಾವಾ ತೆರುಯುಕಿ, ತಪಾಸಣಾಧಿಕಾರಿ ಕುರೋಸಾಕಿ ಆಗಿರುವ ಕತಾಓಕಾ ಐನೊಸುಕೆ ಇಬ್ಬರೂ ಕಬುಕಿ ಎಂಬ ಜಪಾನಿನ ಹಳೆಯ ರಂಗಭೂಮಿಯಲ್ಲೂ ವೇಷ ಹಾಕುವವರು. ಎರಡನೆಯ ಭಾಗದಲ್ಲಿ ಇನ್ನಿಬ್ಬರು ಕಬುಕಿ ನಟರು ಬಂದರು. ಕಬುಕಿಯಲ್ಲಿ ಭಾವದ ತುದಿಯಲ್ಲಿ ನಟ ಕಣ್ಣು ಅರಳಿಸಿ ಕಲ್ಲಿನಂತೆ ನಿಂತುಬಿಡುವ ಒಂದು ಕ್ರಮವಿದೆ, ‘ಮಿಎ’ ಎನ್ನುತ್ತಾರೆ. ಬೋರ್ಡ್ ರೂಮಿನಲ್ಲಿ ಕೋಟು ಹಾಕಿಕೊಂಡು ಅವರು ಮಾಡುವುದು ಅದನ್ನೇ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಎರಡನೇ ಕಂತಿಗೇ ಒಗ್ಗುತ್ತದೆ. ಬಣ್ಣದ ವೇಷ ತೆರೆ ಸರಿಸಿ ಅಬ್ಬರಿಸುವಾಗ ‘ಯಾರೂ ಹೀಗೆ ಕೂಗುವುದಿಲ್ಲ’ ಎಂದು ನಾವು ಕೇಳುವುದಿಲ್ಲವಲ್ಲ.

ಇವರೆಲ್ಲರ ನಡುವೆ ಹಂಜಾವಾ ಪಾತ್ರದ ಸಕಾಯಿ ಮಸಾತೊ ಹೆಚ್ಚು ಹೊತ್ತು ಸದ್ದಿಲ್ಲದೆ, ನಗುಮುಖದಲ್ಲಿ ಇರುತ್ತಾರೆ. ಆ ನಗು ಯಾವ ಗಳಿಗೆ ಕಣ್ಣಿನಿಂದ ಇಳಿದುಹೋಗುತ್ತದೆ ಎಂಬುದನ್ನು ಗಮನಿಸಿ. ನನಗೆ ಇಡೀ ಸೀರಿಯಲ್‌ನ ಅತ್ಯುತ್ತಮ ನಟನೆ ಅಲ್ಲಿದೆ.

ನೋಡಿ ಮುಗಿಸಿದ ಮೇಲೆ

ಇದು ಸೇಡಿನ ಕಥೆ ತಾನೇ?

ಎಲ್ಲರೂ ಹಾಗೇ ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಇದು ಸಾಲದ ಕಥೆ. ಬ್ಯಾಂಕು ಯಾರಿಗೆ ಸಾಲ ಕೊಡಬೇಕು, ಏನನ್ನು ನೋಡಿ ಕೊಡಬೇಕು, ಕೊಟ್ಟ ಸಾಲವನ್ನು ಯಾವಾಗ ಕೇಳಬೇಕು ಎಂಬುದರ ಕಥೆ. ಸೇಡು ಅದರ ಮೇಲೆ ಹಾಕಿದ ಅಂಗಿ.

ಕನಾಜಾವಾದಲ್ಲಿ ಸ್ಕ್ರೂ ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದ ಹಂಜಾವಾನ ತಂದೆಯನ್ನು ನೆನಪಿಸಿಕೊಳ್ಳಿ. ಕಷ್ಟದ ಹೊತ್ತಿನಲ್ಲಿ ಬ್ಯಾಂಕು ಕೈ ಎತ್ತಿತು, ಅವರು ನೇಣು ಹಾಕಿಕೊಂಡರು. ಆ ಬ್ಯಾಂಕಿನಲ್ಲೇ ಮಗ ಕೆಲಸಕ್ಕೆ ಸೇರುತ್ತಾನೆ. ತಂದೆ ಮಾಡಿದ ಒಂದು ಹಗುರ ಸ್ಕ್ರೂ ಸದಾ ಅವನ ಬಳಿ ಇರುತ್ತದೆ, ಲೋಹದ್ದಲ್ಲ, ರಾಳದ್ದು. ಬೆರಳ ತುದಿಯಲ್ಲಿ ಅದನ್ನು ಹಿಡಿದು ನೋಡುವ ಹೊತ್ತುಗಳಲ್ಲಿ ಅವನ ಮುಖದಲ್ಲಿ ಸಿಟ್ಟು ಇಲ್ಲ, ಕಾರ್ಖಾನೆಯಲ್ಲಿ ಬೆಳೆದ ಹುಡುಗನ ಕುತೂಹಲ ಇದೆ. ಈ ಚಿಕ್ಕ ವಸ್ತುವಿನ ಒಳಗೆ ಎಷ್ಟು ಜನರ ಕೈಕೆಲಸ ಇದೆ ಎಂದು ತಿಳಿದವನೇ ಸಾಲಕ್ಕೆ ಸಹಿ ಹಾಕಬೇಕು ಎಂಬುದು ಸೀರಿಯಲ್‌ನ ನಿಲುವು, ಮತ್ತು ನನ್ನದೂ.

ಸಾಲ ವಿಭಾಗದಲ್ಲಿ ಕೂತಿದ್ದ ದಿನಗಳಲ್ಲಿ ಒಬ್ಬ ಸಣ್ಣ ವರ್ಕ್‌ಶಾಪಿನ ಯಜಮಾನರು ನನ್ನ ಮೇಜಿನ ಮೇಲೆ ಯಂತ್ರಕ್ಕೆ ಹಾಕುವ ಹಿತ್ತಾಳೆಯ ಒಂದು ಬುಶ್ ಇಟ್ಟಿದ್ದರು. ಎಣ್ಣೆಯ ವಾಸನೆ, ಅಂಚಿನಲ್ಲಿ ಕೂದಲೆಳೆಯಷ್ಟೂ ತರಿ ಇಲ್ಲ. ‘ಇದನ್ನು ನೋಡಿ ಹೇಳಿ ಸಾರ್’ ಎಂದರು. ನಾನು ಅವರ ಮೂರು ವರ್ಷದ ಲೆಕ್ಕಪತ್ರ ಕೇಳಿದೆ. ಆ ಬುಶ್ಶನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಹಂಜಾವಾನ ಸ್ಕ್ರೂ ಪರದೆಯ ಮೇಲೆ ಬಂದಾಗಲೆಲ್ಲ ಆ ಮೇಜು ನೆನಪಾಗುತ್ತದೆ.

ಬ್ಯಾಂಕುಗಳ ಬಗ್ಗೆ ಜಪಾನಿನಲ್ಲಿ ಒಂದು ಮಾತಿದೆ, ಸೀರಿಯಲ್‌ನಲ್ಲೂ ಬರುತ್ತದೆ: ಬಿಸಿಲಿದ್ದಾಗ ಕೊಡೆ ಕೊಡುತ್ತಾರೆ, ಮಳೆ ಬಂದಾಗ ಕಿತ್ತುಕೊಳ್ಳುತ್ತಾರೆ. 1990ರ ದಶಕದ ಕೊನೆಗೆ ಇದು ಮಾತಾಗಿ ಉಳಿಯಲಿಲ್ಲ. ಹೊಸ ಸಾಲಕ್ಕೆ ಹಿಂಜರಿಯುವುದಕ್ಕೆ ‘ಕಶಿಶಿಬುರಿ’, ಕೊಟ್ಟಿದ್ದನ್ನು ಅವಧಿಗೆ ಮುಂಚೆ ಸುಲಿದುಕೊಳ್ಳುವುದಕ್ಕೆ ‘ಕಶಿಹಗಾಶಿ’ ಎಂಬ ಪದಗಳೇ ಪತ್ರಿಕೆಗಳಲ್ಲಿ ದಿನಬಳಕೆಗೆ ಬಂದವು. ಹಂಜಾವಾನ ತಂದೆಯಂಥವರು ಊರೂರಲ್ಲಿ ಇದ್ದರು.

ಒಸಾಕಾ ಭಾಗದಲ್ಲಿ ಹಂಜಾವಾನ ಜೊತೆ ಕೈ ಜೋಡಿಸುವ ತಕೆಶಿತಾ ಎಂಬ ಸಣ್ಣ ಲೋಹದ ಕಾರ್ಖಾನೆಯ ಮಾಲೀಕನನ್ನೂ ನೋಡಿ. ದೊಡ್ಡ ಕಂಪನಿ ಬೇಕೆಂದೇ ಮುಳುಗಿದಾಗ ಅದಕ್ಕೆ ಸರಕು ಕೊಟ್ಟ ಇವನೂ ಮುಳುಗಿದ. ಅವನಿಗೆ ಬ್ಯಾಂಕು ಅಂದರೆ ಸಿಟ್ಟು. ಆ ಸಿಟ್ಟನ್ನು ಹಂಜಾವಾ ವಾದದಿಂದ ಗೆಲ್ಲುವುದಿಲ್ಲ, ಜೊತೆಗೆ ಅಲೆದು ಗೆಲ್ಲುತ್ತಾನೆ.

ಕೊನೆಯ ಕಂತಿನ ಅಡ್ಡಬೀಳುವ ದೃಶ್ಯಕ್ಕೆ ಅಷ್ಟು ಮಹತ್ವ ಏಕೆ?

‘ದೊಗೆಜಾ’ ಅಂದರೆ ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿ ಕ್ಷಮೆ ಕೇಳುವುದು. ನಮ್ಮಲ್ಲಿ ಅಡ್ಡಬೀಳುವುದು ಭಕ್ತಿಗೂ ಆಗುತ್ತದೆ, ಹಿರಿಯರ ಕಾಲಿಗೆ ಬಿದ್ದರೆ ಯಾರ ಮಾನವೂ ಹೋಗುವುದಿಲ್ಲ. ಅಲ್ಲಿ ಇಂದಿನ ಕಾಲದಲ್ಲಿ ದೊಗೆಜಾ ಎಂದರೆ ಇರುವ ಮಾನವನ್ನೆಲ್ಲ ನೆಲಕ್ಕೆ ಒಪ್ಪಿಸಿದಂತೆ. ಆದ್ದರಿಂದ ಆ ದೃಶ್ಯವನ್ನು ನಮ್ಮ ಕಣ್ಣಿನಿಂದ ನೋಡಿದರೆ ಅರ್ಧವೇ ಸಿಗುತ್ತದೆ.

ಓವಾದಾ ತನ್ನ ಹೆಂಡತಿಯ ಮುಳುಗುತ್ತಿರುವ ಕಂಪನಿಗೆ, ಇನ್ನೊಂದು ಕಂಪನಿಯ ಹೆಸರಲ್ಲಿ ಪಡೆದ 3 ಕೋಟಿ ಯೆನ್ ಸಾಲವನ್ನು ತಿರುಗಿಸಿದ್ದಾನೆ. ನಿರ್ದೇಶಕ ಮಂಡಳಿಯ ಸಭೆಯಲ್ಲಿ ಅದು ಬಯಲಾಗುತ್ತದೆ. ಹಂಜಾವಾನ ತಂದೆಗೆ ಸಾಲ ನಿಲ್ಲಿಸಿದ ಆ ದಿನದ ಸಾಲಾಧಿಕಾರಿಯೂ ಇವನೇ. ಎಲ್ಲರ ಮುಂದೆ ಅಡ್ಡಬೀಳು ಎಂದು ಹಂಜಾವಾ ಕೇಳುತ್ತಾನೆ. ಓವಾದಾನ ಕಾಲು ಬಾಗುವುದಿಲ್ಲ. ಹಲ್ಲು ಕಚ್ಚುತ್ತಾನೆ, ಮೈ ನಡುಗುತ್ತದೆ, ತನ್ನದೇ ಕಾಲುಗಳನ್ನು ತಾನೇ ಬಗ್ಗಿಸಬೇಕಾಗುತ್ತದೆ, ಗಂಟಲಿನಿಂದ ಮಾತಲ್ಲದ ಸದ್ದು ಬರುತ್ತದೆ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರೂ ಅಲುಗುವುದಿಲ್ಲ. ಮೊದಲ ಸಲ ನೋಡಿದಾಗ ನನಗೂ ಗೆದ್ದಷ್ಟು ಸಂತೋಷವಾಯಿತು. ಎರಡನೆಯ ಸಲ ಹಂಜಾವಾನ ಮುಖವನ್ನೇ ನೋಡಿದೆ. ಆ ಮುಖದಲ್ಲಿ ತಂದೆ ಮರಳಿ ಬಂದ ನೆಮ್ಮದಿ ಇಲ್ಲ.

ಗೆದ್ದವನಿಗೆ ಬಡ್ತಿ ಬಿಟ್ಟು ಶುಕ್ಕೋ ಕೊಟ್ಟಿದ್ದೇಕೆ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಎಲ್ಲ ಮುಗಿದ ಮೇಲೆ ಬ್ಯಾಂಕಿನ ಅಧ್ಯಕ್ಷ ನಕಾನೊವತಾರಿ ಹಂಜಾವಾನನ್ನು ಕರೆಸುತ್ತಾರೆ. ಓವಾದಾಗೆ ಶಿಕ್ಷೆ ಎಂದರೆ ಒಂದು ಮೆಟ್ಟಿಲು ಇಳಿಸಿ ನಿರ್ದೇಶಕನಾಗಿ ಉಳಿಸಿಕೊಂಡದ್ದು ಅಷ್ಟೇ. ಹಂಜಾವಾಗೆ ಟೋಕಿಯೊ ಸೆಂಟ್ರಲ್ ಸೆಕ್ಯುರಿಟೀಸ್ ಎಂಬ ಅಂಗಸಂಸ್ಥೆಗೆ ಶುಕ್ಕೋ. ಅವನ ಮುಖದ ಮೇಲೆ ಕ್ಯಾಮೆರಾ ನಿಲ್ಲುತ್ತದೆ, ಕಥೆ ಮುಗಿಯುತ್ತದೆ. ಜಪಾನಿನ ಪ್ರೇಕ್ಷಕರು ಇದರ ಮುಂದುವರಿಕೆಗೆ ಏಳು ವರ್ಷ ಕಾದರು.

ನನ್ನ ಉತ್ತರ ಹೀಗೆ. ಅಧ್ಯಕ್ಷರು ಎರಡು ಬಣಗಳನ್ನು ಒಂದು ಮಾಡಬೇಕೆಂದು ಹೊರಟವರು. ಓವಾದಾನನ್ನು ಹೊರಗೆ ಹಾಕಿದರೆ ಅವನ ಹಿಂಬಾಲಕರು ಎದುರು ನಿಲ್ಲುತ್ತಾರೆ. ಉಳಿಸಿಕೊಂಡರೆ ಅವನು ಜೀವನಪೂರ್ತಿ ಅಧ್ಯಕ್ಷರ ಋಣದಲ್ಲಿರುತ್ತಾನೆ, ಅವನ ಬಣವೂ ಕೈಯಲ್ಲಿರುತ್ತದೆ. ಇನ್ನು ಹಂಜಾವಾ: ಸಾಕ್ಷಿ ಇಟ್ಟು, ತಪ್ಪು ಸಾಬೀತು ಮಾಡಿ ಅಷ್ಟಕ್ಕೇ ನಿಂತಿದ್ದರೆ ಅವನು ಬ್ಯಾಂಕಿಗಾಗಿ ಹೋರಾಡಿದವನು. ಮಂಡಳಿಯ ಮುಂದೆ ನಿರ್ದೇಶಕನನ್ನು ಅಡ್ಡಬೀಳಿಸಿದ ಕ್ಷಣ ಅದು ಅವನ ಮನೆಯ ಲೆಕ್ಕವಾಯಿತು. ಇಂಥವನನ್ನು ಮರುದಿನವೇ ಮೇಲೇರಿಸಿದರೆ ಬ್ಯಾಂಕಿನಲ್ಲಿ ಮುಂದೆ ಎಲ್ಲರೂ ಹೀಗೇ ಮಾಡಬಹುದು ಎಂದಂತಾಗುತ್ತದೆ.

ಇಷ್ಟೆಲ್ಲ ಅರ್ಥವಾದರೂ ಆ ನಿರ್ಧಾರ ಸರಿಯೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಪ್ರಾಮಾಣಿಕನನ್ನು ದೂರ ಕಳಿಸಿ, ಕಳ್ಳನನ್ನು ಋಣದಲ್ಲಿ ಇಟ್ಟುಕೊಂಡು ಸಂಸ್ಥೆ ನಡೆಸುವ ಜಾಣತನವೇ ಈ ಬ್ಯಾಂಕನ್ನು ಇಲ್ಲಿಗೆ ತಂದದ್ದು.

ಕಾದಂಬರಿಯಲ್ಲೂ ಹೀಗೇ ಇದೆಯೇ?

ಮುಖ್ಯ ವ್ಯತ್ಯಾಸ ತಂದೆಯದು. ಕಾದಂಬರಿಯಲ್ಲಿ ತಂದೆ ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ, ತಂದೆಯ ಸಾಲ ನಿಲ್ಲಿಸಿದವನೂ ಓವಾದಾ ಅಲ್ಲ. ಸೀರಿಯಲ್ ಈ ಎರಡು ಎಳೆ ಗಂಟು ಹಾಕಿ ಕಥೆಗೆ ಒಬ್ಬನೇ ವೈರಿಯನ್ನು ಕೊಟ್ಟಿತು. ಕಾದಂಬರಿಯಲ್ಲಿ ಹಂಜಾವಾ ಸಾಲದ ವ್ಯವಸ್ಥೆಯ ಜೊತೆ ಹೆಚ್ಚು ಕಾದಾಡುತ್ತಾನೆ, ಸೀರಿಯಲ್‌ನಲ್ಲಿ ಮನುಷ್ಯನ ಜೊತೆ.

ದಾಖಲೆ ಮುಚ್ಚಿಡುವುದೆಲ್ಲ ನಿಜವಾಗಿ ನಡೆಯುತ್ತದೆಯೇ?

ನಡೆದಿದೆ. ಸೀರಿಯಲ್‌ನಲ್ಲಿ ತಪಾಸಣೆಗೆ ಮುಂಚೆ ಸೂಕ್ಷ್ಮ ಕಾಗದಪತ್ರಗಳನ್ನು ಬೇರೆಡೆ ಸಾಗಿಸುವುದಕ್ಕೆ ‘ಸೊಕಾಯಿ’ ಎನ್ನುತ್ತಾರೆ. ಯುದ್ಧಕಾಲದಲ್ಲಿ ನಗರದ ಮಕ್ಕಳನ್ನು ಹಳ್ಳಿಗೆ ಸಾಗಿಸುತ್ತಿದ್ದುದಕ್ಕೆ ಬಳಸುತ್ತಿದ್ದ ಪದ ಅದು. 2003ರ ತಪಾಸಣೆಯಲ್ಲಿ ಯುಎಫ್‌ಜೆ ಬ್ಯಾಂಕ್ ದೊಡ್ಡ ಸಾಲಗಾರರ ದಾಖಲೆಗಳನ್ನು ಮುಚ್ಚಿಟ್ಟದ್ದು ಪತ್ತೆಯಾಯಿತು. 2004ರಲ್ಲಿ, ಬ್ಯಾಂಕುಗಳನ್ನು ತಪಾಸಣೆ ಮಾಡುವ ಸರ್ಕಾರಿ ಹಣಕಾಸು ಸೇವಾ ಸಂಸ್ಥೆ ಆ ಬ್ಯಾಂಕಿನ ಮೇಲೆ ಕ್ರಿಮಿನಲ್ ದೂರು ಕೊಟ್ಟಿತು, ಹಿಂದಿನ ಅಧಿಕಾರಿಗಳ ಬಂಧನವೂ ಆಯಿತು. ಆ ಬ್ಯಾಂಕು ಮುಂದೆ ಮಿತ್ಸುಬಿಷಿ ಗುಂಪಿನಲ್ಲಿ ಸೇರಿಹೋಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಸೀರಿಯಲ್‌ನಲ್ಲಿ ದಾಖಲೆ ಮುಚ್ಚಿಡುವವನು ನಮ್ಮ ನಾಯಕನೇ. ಹುಡುಕುವ ಕುರೋಸಾಕಿಯನ್ನು ಕೆಟ್ಟವನಂತೆ ತೋರಿಸಿದ್ದಾರೆ, ಆದರೆ ಅವನು ತನ್ನ ಕೆಲಸ ಮಾಡುತ್ತಿದ್ದಾನೆ. ಹಂಜಾವಾನ ಮೇಲೆ ನನಗಿರುವ ಪ್ರೀತಿ ಈ ಪ್ರಸಂಗವನ್ನು ಒಪ್ಪಿಕೊಳ್ಳುವಷ್ಟು ದೊಡ್ಡದಲ್ಲ.

ಎರಡನೆಯ ಭಾಗ ನೋಡಲೇಬೇಕೇ?

ನೋಡಿ. ಮೊದಲರ್ಧದಲ್ಲಿ ಸ್ಪೈರಲ್ ಎಂಬ ಐಟಿ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಲು ಹೊರಡುವ ಕಥೆ, ಎರಡನೆಯ ಅರ್ಧದಲ್ಲಿ ಮುಳುಗುತ್ತಿರುವ ತೇಇಕೊಕು ಏರ್‌ಲೈನ್ಸ್ ಕಥೆ. ಬ್ಯಾಂಕು 5,000 ಕೋಟಿ ಯೆನ್ ಸಾಲ ಮನ್ನಾ ಮಾಡಬೇಕೆಂದು ಸರ್ಕಾರ ಒತ್ತುತ್ತದೆ. 2010ರ ಜನವರಿಯಲ್ಲಿ ಜಪಾನ್ ಏರ್‌ಲೈನ್ಸ್ ದಿವಾಳಿ ಎದ್ದದ್ದು ನೆನಪಿರುವವರಿಗೆ ಈ ಭಾಗ ಇನ್ನಷ್ಟು ಹತ್ತಿರ. ನಟನೆಯ ಅಬ್ಬರ ಮೊದಲ ಭಾಗಕ್ಕಿಂತ ಹೆಚ್ಚು, ಕೆಲವು ಕಡೆ ಕಥೆಯೇ ಕೇಳಿಸದಷ್ಟು ಹೆಚ್ಚು. ಆದರೆ ಹಂಜಾವಾ ಮತ್ತು ಓವಾದಾ ಒಬ್ಬರನ್ನೊಬ್ಬರು ಸಹಿಸಲಾರದೆ ಒಂದೇ ಕಡೆ ನಿಲ್ಲಬೇಕಾಗುವ ದೃಶ್ಯಗಳಿಗಾಗಿಯೇ ನೋಡಬೇಕು.

ಹೆಂಗಸರ ಪಾತ್ರಗಳು ಏಕೆ ಇಷ್ಟು ಕಡಿಮೆ?

ನಿಜವಾದ ಕೊರತೆ. ಮೊದಲ ಭಾಗದಲ್ಲಿ ಹೆಂಗಸರು ಬಹುಪಾಲು ಯಾರದೋ ಹೆಂಡತಿ ಅಥವಾ ಪ್ರೇಯಸಿ. ಜಪಾನಿನ ಬ್ಯಾಂಕುಗಳ ಮೇಲಿನ ಮಹಡಿಗಳು ಆಗ ಹಾಗೇ ಇದ್ದವು ಎನ್ನುವುದು ಕಾರಣ ಇರಬಹುದು, ಆದರೆ ಕೆಳಗಿನ ಮಹಡಿಯಲ್ಲಿ ಕೌಂಟರ್ ನಡೆಸುತ್ತಿದ್ದವರು ಹೆಂಗಸರೇ. ಅವರ ಕಡೆಯಿಂದ ಕಥೆ ಬರಲಿಲ್ಲ. ಎರಡನೆಯ ಭಾಗದಲ್ಲಿ ಸಚಿವೆ ಶಿರಾಯಿ ಪಾತ್ರದಿಂದ ಸ್ವಲ್ಪ ತೂಕ ಬಂತು. ಹಂಜಾವಾನ ಹೆಂಡತಿ ಹನಾ ಪಾತ್ರದಲ್ಲಿ ಉಏತೊ ಆಯಾ ಬಂದಾಗಲೆಲ್ಲ ಮನೆಯ ಗಾಳಿ ಬೇರೆಯಾಗುತ್ತದೆ. ಗಂಡನ ಬ್ಯಾಂಕಿಗೆ ಹೆದರದೆ ಮಾತಾಡುವ ಕೆಲವೇ ಜನರಲ್ಲಿ ಅವಳೊಬ್ಬಳು.

ಇದು ಇಷ್ಟವಾದರೆ ಮುಂದೆ ಏನು ನೋಡಲಿ?

ಅದೇ ಲೇಖಕರ ಕಥೆ, ಅದೇ ಭಾನುವಾರದ ಹೊತ್ತು: 2015ರ ‘ಶಿತಾಮಾಚಿ ರಾಕೆಟ್’. ರಾಕೆಟ್ಟಿನ ಕವಾಟ ಮಾಡುವ ಸಣ್ಣ ಕಾರ್ಖಾನೆಯ ಕಥೆ. ಮೇಜಿನ ಈ ಕಡೆ ಕೂತ ಹಂಜಾವಾನನ್ನು ನೋಡಿದ ಮೇಲೆ ಮೇಜಿನ ಆ ಕಡೆ ಕೂತವರನ್ನು ನೋಡಬಹುದು.

ಎಲ್ಲವನ್ನೂ ಮತ್ತೆ ನೋಡಲು ಸಮಯವಿಲ್ಲ. ಯಾವ ಭಾಗ ನೋಡಲಿ?

ಕೊಂದೋ ಇರುವ ದೃಶ್ಯಗಳು. ಹಂಜಾವಾನ ಜೊತೆ ಓದಿದವನು, ಜೊತೆಗೆ ಬ್ಯಾಂಕು ಸೇರಿದವನು. ಮೇಲಧಿಕಾರಿಯ ಕಿರುಕುಳದಿಂದ ಮನಸ್ಸು ಒಡೆದು, ಚಿಕಿತ್ಸೆ ಪಡೆದು, ತಮಿಯಾ ಎಲೆಕ್ಟ್ರಿಕ್ ಎಂಬ ಕಂಪನಿಗೆ ಶುಕ್ಕೋ ಹೋದವನು. ಒತ್ತಡ ಏರಿದಾಗ ಅವನ ಕಣ್ಣ ಮುಂದೆ ಕಪ್ಪು ಶಾಯಿ ಹರಡುತ್ತದೆ. ತಕಿತೊ ಕೆನ್‌ಇಚಿ ಈ ಪಾತ್ರವನ್ನು ಹೆಚ್ಚು ಕೂಗಾಡದೆ, ತೂಗುಹಾಕಿದಂಥ ಭುಜಗಳಿಂದಲೇ ಮಾಡಿದ್ದಾರೆ.

ಓವಾದಾನನ್ನು ಸಿಕ್ಕಿಹಾಕಿಸುವ ಕಾಗದ ಸಿಗುವುದು ಇವನ ಕೈಗೆ. ಓವಾದಾ ಅವನನ್ನು ಕರೆಸಿ, ಆ ಕಾಗದ ಕೊಟ್ಟರೆ ಬ್ಯಾಂಕಿಗೆ ಮರಳಿ ಕರೆಸಿಕೊಳ್ಳುತ್ತೇನೆ ಎನ್ನುತ್ತಾನೆ. ಮನೆಯಲ್ಲಿ ಹೆಂಡತಿ, ಮಗು. ಕೊಂದೋ ಕಾಗದ ಕೊಟ್ಟುಬಿಡುತ್ತಾನೆ.

ಆಮೇಲೆ ಅವನು ಬಂದು ಹಂಜಾವಾನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಾನೆ. ಎರಡು ಪಟ್ಟು ತೀರಿಸುತ್ತೇನೆ ಎಂದು ಇಡೀ ಬ್ಯಾಂಕನ್ನು ಎದುರು ಹಾಕಿಕೊಂಡವನು ಅವನಿಂದ ಏನನ್ನೂ ವಸೂಲಿ ಮಾಡುವುದಿಲ್ಲ. ನೀನು ಮಾಡಿದ್ದು ಮನೆಯಿರುವ ಯಾರಾದರೂ ಮಾಡುವಂಥದ್ದೇ ಎನ್ನುತ್ತಾನೆ. ಕೊಂದೋ ಅಳುತ್ತಾನೆ. ಮರುದಿನದ ಸಭೆಗೆ ಹಂಜಾವಾ ಆ ಕಾಗದವಿಲ್ಲದೆಯೇ ಹೋಗಬೇಕು.